ಕ್ರೈನ್ ಕೊಟ್ಟ ಪೆಪ್ಪರ್ಮಿಂಟು

ನನ್ನ ಮೊಂಡು ಮುದುಕ ಮರಿನುಸ್‌ಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಟ್ಟಿಕೊಂಡ ಗಂಡನಿಗೆ ಪತ್ರ ಬರೆಯುವ ಗತಿ ಬಂತಲ್ಲ ನನಗೆ! ಇನ್ನೇನು ಮಾಡಲಿ? ನಾನು ಬಾಯಿ ತೆರೆದರೆ ಸಾಕು, ಕಿವಿಯ ಯಂತ್ರ ಕಿತ್ತು ಮೇಜಿನ ಮೇಲಿಡುತ್ತೀಯ. ಕನ್ನಡಕವನ್ನೂ ಕಿತ್ತಿಟ್ಟರೆ ಇವತ್ತು ಸೂಪು ಇಲ್ಲ. ಓದು.

ನಡುಕದ ಕಾಯಿಲೆ ನಿನ್ನ ಗಂಟಲಿಗೂ ಇಳಿದು ವರ್ಷವಾಯಿತು. ನುಂಗಲಾಗದವರಿಗೆಂದೇ ಡಾಕ್ಟರು ಆ ಮಾತ್ರೆ ಬರೆದುಕೊಟ್ಟರು. ನಾಲಿಗೆಯ ಮೇಲಿಟ್ಟರೆ ನೀರಿಲ್ಲದೆ ಕ್ಷಣದಲ್ಲಿ ಕರಗುತ್ತದೆ. ಅದಕ್ಕೆ ನೀನು ಏನೆಂದೆ? "ಕರಗಿ ಹೋಗೋದೂ ಒಂದು ಮಾತ್ರೇನಾ? ಮೂವತ್ತು ವರ್ಷ ಚಿಪ್ಪುಮೀನಿನ ದೋಣಿ ನಡೆಸಿದೋನು ನಾನು. ಹಸುಗೂಸಿಗೆ ಕೊಡು ಹೋಗೇ!" ಸರಿ, ಮನೆಯಲ್ಲಿ ಹೇಗೋ ಗೊಣಗಿಕೊಂಡು ತೆಗೆದುಕೊಳ್ಳುತ್ತೀಯ. ಭಾನುವಾರ ಹತ್ತು ಗಂಟೆಯ ಮಾತ್ರೆ ಮಾತ್ರ ಚರ್ಚಿನಲ್ಲಿ ಕೋಟಿನ ಜೇಬು ಬಿಟ್ಟು ಹೊರಗೆ ಬರುವುದಿಲ್ಲ. ಮಾತ್ರೆಯ ಮೇಲಿನ ಬೆಳ್ಳಿಹಾಳೆ ಸುಲಿಯುವ ಸದ್ದಿಗೆ ಬೆಂಚಿನವರೆಲ್ಲ ತಿರುಗಿ ನೋಡುತ್ತಾರಂತೆ.

ನೋಡಿದರೆ ಏನು ಗಂಟು ಹೋಗುತ್ತದೆ?

ಇನ್ನು ನಿನ್ನ ಗೆಳೆಯ ಕ್ರೈನ್. ನಲವತ್ತೊಂದು ವರ್ಷದಿಂದ ನಮ್ಮ ಪಕ್ಕದಲ್ಲೇ ಕೂತು, ಪ್ರವಚನ ಶುರುವಾಯಿತೆಂದರೆ ಪೆಪ್ಪರ್ಮಿಂಟಿನ ಪೊಟ್ಟಣ ಮುಂದೆ ಚಾಚುತ್ತಾನೆ. ಈಸ್ಟರ್ ಕಳೆದ ವಾರ ನೀನು ಬೇಡವೆಂದಾಗ, "ಯಾಕೋ, ನನ್ನ ಪೆಪ್ಪರ್ಮಿಂಟು ಕಹಿಯಾಯ್ತಾ?" ಎಂದು ಪಿಸುಗುಟ್ಟಿದನಷ್ಟೆ. ಅಷ್ಟಕ್ಕೇ ಮುಂದಿನ ವಾರ ತೆಗೆದು ಬಾಯಿಗೆ ಹಾಕಿಕೊಂಡೆಯಲ್ಲ, ನಿನ್ನ ಬುದ್ಧಿಗೆ ಏನನ್ನಲಿ! ಅದು ಗಂಟಲಿಗೆ ಸಿಕ್ಕಿ ತುಟಿ ನೀಲಿಯಾದದ್ದನ್ನು ನೀನು ನೋಡಲಿಲ್ಲ. ನಾನು ನೋಡಿದೆ. ಕ್ರೈನ್ ಬೆನ್ನಿಗೆ ಗುದ್ದಿ ಗುದ್ದಿ ಅದನ್ನು ಹೊರಗೆ ಹಾರಿಸುವವರೆಗೆ ನನಗೆ ಪ್ರಾರ್ಥನೆಯ ಒಂದು ಪದವೂ ನೆನಪಾಗಲಿಲ್ಲ. ಇವನನ್ನು ಬಿಟ್ಟು ಒಬ್ಬಳೇ ಮನೆಗೆ ಹೇಗೆ ಹೋಗಲಿ ಎನ್ನುವುದೊಂದೇ ತಲೆಯಲ್ಲಿತ್ತು. ನೀನೋ, ಉಸಿರು ಬಂದದ್ದೇ ತಡ, "ಏನಿಲ್ಲ, ನೆತ್ತಿಗೆ ಹತ್ತಿತು" ಎಂದು ಎಲ್ಲರನ್ನೂ ನಂಬಿಸಿದೆ. ಈಗ ಹೊಸ ಹಟ: "ಇನ್ಮೇಲೆ ಚರ್ಚಿಗೆ ಬರಲ್ಲ. ನೀನೇ ಹೋಗು."

ನಾನೊಬ್ಬಳೇ ಹೋಗುವುದಿಲ್ಲ. ನಿನ್ನೆ ಡಾಕ್ಟರನ್ನು ಕೇಳಿ ಬಂದೆ. ಹತ್ತು ಗಂಟೆಯ ಮಾತ್ರೆಯನ್ನು ಹತ್ತೂವರೆಗೆ ತೆಗೆದುಕೊಂಡರೆ ತೊಂದರೆಯಿಲ್ಲವಂತೆ. ಹತ್ತೂವರೆಗೆ ಪಾದ್ರಿ ಪ್ರವಚನಕ್ಕೆ ನಿಲ್ಲುತ್ತಾರೆ, ಇಡೀ ಚರ್ಚು ಕೈಚೀಲ ತೆರೆದು ಸರಪರ ಪೆಪ್ಪರ್ಮಿಂಟಿನ ಕಾಗದ ಬಿಚ್ಚುತ್ತದೆ. ಆ ಗದ್ದಲದಲ್ಲಿ ನೀನು ಹಾಳೆ ಸುಲಿದರೆ ಯಾವ ಕಿವಿಗೆ ಕೇಳುತ್ತದೆ?

ಕ್ರೈನ್ ಕೊಡುವುದನ್ನೂ ತೆಗೆದುಕೊ. ತೆಗೆದುಕೊಂಡು ಮೆಲ್ಲಗೆ ನನ್ನ ಅಂಗೈಗೆ ಹಾಕು. ನನಗೆ ಅಭ್ಯಾಸವಿದೆ. ಪೆಪ್ಪರ್ಮಿಂಟಿನ ವಾಸನೆಯೇ ನನಗಾಗದು, ಮರಿನುಸ್; ಈ ನಲವತ್ತೊಂದು ವರ್ಷದಲ್ಲಿ ಒಂದನ್ನೂ ತಿಂದಿಲ್ಲ. ಪ್ರತಿ ಭಾನುವಾರ ಬಾಯಿಯವರೆಗೆ ಕೈ ಒಯ್ದು, ಆಮೇಲೆ ಕೈಚೀಲಕ್ಕೆ ಇಳಿಸುತ್ತೇನೆ. ಕ್ರೈನ್ ನೋಡಿಲ್ಲ, ಪಾದ್ರಿ ನೋಡಿಲ್ಲ, ಭುಜಕ್ಕೆ ಭುಜ ತಾಗಿಸಿ ಕೂತ ನೀನೂ ನೋಡಿಲ್ಲ. ಆದರೂ ಊರೆಲ್ಲ ನಿನ್ನನ್ನೇ ನೋಡುತ್ತಿದೆಯೆಂದು ಸಾಯಲು ಹೊರಟಿದ್ದೆಯಲ್ಲೋ!

ಕಪ್ಪು ಕೋಟಿಗೆ ಬ್ರಷ್ ಹಾಕಿಟ್ಟಿದ್ದೇನೆ. ಮಾತ್ರೆ ಎಡಜೇಬಿನಲ್ಲಿದೆ. ನಿನ್ನ ಉಸಿರು ಗಟ್ಟಿಯಾಗಿರಲಿ, ಇನ್ನೂ ಬಹಳ ಭಾನುವಾರ ನನ್ನ ಪಕ್ಕದಲ್ಲಿ ಕೂತು ಗೊಣಗು.

ಬಾಗಿಲ ಬಳಿ ಕಾಯುತ್ತಿರುವ,
ಪೀಟರ್ನೆಲ