ಅಪ್ಪ ನುಂಗಿದ ಕ್ಯಾಮೆರಾ

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಮೂರು ಪತ್ರಗಳಿಗೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ಕೂತಿದ್ದರೆ ಬರೆಯುತ್ತಿದ್ದೆ, ಕೂರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ, ಅಮ್ಮ ಬಂದು ಫೋನ್ ಕಿತ್ತುಕೊಳ್ಳುತ್ತಾಳೆ. ತರಬೇತಿ ಮುಗಿಯುವವರೆಗೆ ನಿನಗೆ ರಜೆಯೂ ಇಲ್ಲ. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆಯುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ಅಪ್ಪ ಚೆನ್ನಾಗಿದ್ದಾರೆ. ಆರಕ್ಕೆ ಇಳಿದಿದ್ದ ಹಿಮೋಗ್ಲೋಬಿನ್ ಈಗ ಹನ್ನೊಂದು ದಾಟಿದೆ. ನಿನ್ನೆ ಎಲ್ಲೂ ನಿಲ್ಲದೆ ಎರಡು ಮಹಡಿ ಹತ್ತಿ, ಮೇಲಿನ ಮನೆಯವರ ನಲ್ಲಿ ನೋಡಿ, "ಇದನ್ನ ಹಾಕಿದವನು ಯಾರು, ನಿಮ್ಮ ಶತ್ರುನಾ?" ಎಂದು ಕೇಳಿ ಬಂದಿದ್ದಾರೆ. ಅವರ ಬಾಯಿ ಹಳೆಯ ಸ್ಥಿತಿಗೆ ಬಂದಿದೆ ಎಂದರೆ ದೇಹವೂ ಬಂದಂತೆಯೇ.

ಇನ್ನು ನಿನ್ನ ಸಿಟ್ಟಿನ ಪ್ರಶ್ನೆ. ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಇಷ್ಟೊಂದು ಪರೀಕ್ಷೆ ಯಾಕೆ, ಸರಿಯಾದದ್ದನ್ನು ಮೊದಲೇ ಮಾಡಬಾರದಿತ್ತೇ, ನಿಮ್ಮನ್ನು ಆಟ ಆಡಿಸುತ್ತಿದ್ದಾರೆ ಎಂದು ಬರೆದಿದ್ದೀಯ. ಇದನ್ನೇ ನಾನು ಡಾಕ್ಟರಮ್ಮನ ಮುಖಕ್ಕೆ ಕೇಳಿದೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳಿಗೆ ಇದೆಲ್ಲ ಯಾಕೆ ಎಂದು ಅವರು ಅನ್ನಲಿಲ್ಲ. ಕುರ್ಚಿ ಎಳೆದು ಕೂರಿಸಿ, ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದರು.

ಬಾಯಿಯಿಂದ ಹಾಕಿದ ಕೊಳವೆ ಹೊಟ್ಟೆ ದಾಟಿ ಸ್ವಲ್ಪ ದೂರ ಹೋಗುತ್ತದೆ. ಕೆಳಗಿನಿಂದ ಹಾಕಿದ್ದು ದೊಡ್ಡ ಕರುಳನ್ನು ಮುಗಿಸಿ ನಿಲ್ಲುತ್ತದೆ. ಅಪ್ಪನಿಗೆ ಎರಡೂ ಮಾಡಿದ್ದರು, ಎರಡರಲ್ಲೂ ಏನೂ ಸಿಗಲಿಲ್ಲ. ಆದರೂ ಮಲ ಟಾರಿನಂತೆ ಕಪ್ಪಗೆ ಹೋಗುತ್ತಲೇ ಇತ್ತು. ಉಳಿದದ್ದು ನಡುವಿನ ಸಣ್ಣ ಕರುಳು. ಅದು ಅಪ್ಪನ ಎತ್ತರದ ಮೂರು ಪಟ್ಟು ಉದ್ದವಂತೆ, ಮಡಚಿಕೊಂಡು ಕೂತಿರುತ್ತದಂತೆ.

"ಹೆಚ್ಚು ಜನರಿಗೆ ಈ ಎರಡು ತುದಿಯಲ್ಲೇ ಸಿಕ್ಕಿಬಿಡುತ್ತೆ. ಅದಕ್ಕೇ ಅಲ್ಲಿಂದ ಶುರು," ಎಂದರು ಡಾಕ್ಟರಮ್ಮ. "ನಡುವೆ ನೋಡೋಕೆ ಎರಡು ದಾರಿ. ಒಂದು, ಕ್ಯಾಮೆರಾ ಇರೋ ಗುಳಿಗೆ. ನುಂಗಿದರೆ ತಾನೇ ಸಾಗ್ತಾ ಸಾವಿರಾರು ಫೋಟೋ ತೆಗೆಯುತ್ತೆ. ನೋವಿಲ್ಲ, ಮಂಪರು ಮದ್ದೂ ಬೇಡ. ಆದರೆ ಅದಕ್ಕೆ ಕೈಯಿಲ್ಲ. ನಿಲ್ಲಲ್ಲ, ಹಿಂದೆ ತಿರುಗಲ್ಲ, ಕೆಲವು ಸಲ ಗಾಯದ ಪಕ್ಕದಲ್ಲೇ ಹೋಗಿ ನೋಡದೇ ಬಂದುಬಿಡುತ್ತೆ. ಇನ್ನೊಂದು, ಬಲೂನು ಕಟ್ಟಿದ ಉದ್ದ ಕೊಳವೆ. ಅದಕ್ಕೆ ಕೈಯಿದೆ. ತೊಳೆಯುತ್ತೆ, ಚೂರು ಕಿತ್ತು ತರುತ್ತೆ, ಸೋರೋ ಕಡೆ ಸುಟ್ಟು ಮುಚ್ಚುತ್ತೆ. ಆದರೆ ಪೂರ್ತಿ ಮಲಗಿಸಬೇಕು, ಹೊತ್ತು ಹಿಡಿಯುತ್ತೆ, ಒಂದೇ ಕಡೆಯಿಂದ ಎಲ್ಲಾನೂ ನೋಡೋಕಾಗಲ್ಲ. ಯಾವ ಕಡೆಯಿಂದ ಹೋಗಬೇಕು ಅಂತ ಗುಳಿಗೆ ಹೇಳುತ್ತೆ."

ಅಪ್ಪ ಮುಂದಕ್ಕೆ ಬಾಗಿದರು. ಮೂವತ್ತು ವರ್ಷ ಊರವರ ಮನೆಯ ಪೈಪು ಸೋರುವುದನ್ನು ಹುಡುಕಿದವರಲ್ಲವೇ.

"ನಾವೂ ಹಾಗೇ ಮಾಡೋದು ಮೇಡಂ. ಮೊದಲು ಬಣ್ಣದ ನೀರು ಬಿಟ್ಟು ನೋಡ್ತೀವಿ. ಗೋಡೆ ಒಡೆಯೋದು ಆಮೇಲೆ."

"ಹಾಗಾದ್ರೆ ನಮ್ಮಿಬ್ಬರದೂ ಒಂದೇ ಕಸುಬು."

"ಅಯ್ಯೋ ಇಲ್ಲ. ನಾನು ಕೆಲಸ ಮಾಡುವಾಗ ಪೈಪು ಕೆಮ್ಮೋದಿಲ್ಲ."

ಡಾಕ್ಟರಮ್ಮ ನಕ್ಕರು. ನಗುತ್ತಲೇ ಕೇಳಿದರು, "ನೋವಿನ ಮಾತ್ರೆ ಏನಾದ್ರೂ ತುಂಬ ದಿನದಿಂದ ತಗೋತಿದ್ದೀರಾ?"

"ಇಲ್ಲ," ಎಂದರು ಅಪ್ಪ.

ಅಕ್ಕ, ಅವರು ಮಂಡಿನೋವಿಗೆ ದಿನಕ್ಕೆ ಎರಡು, ಕೆಲವು ದಿನ ಮೂರು ಮಾತ್ರೆ ನುಂಗುತ್ತಿದ್ದರು. ಒಂದೂವರೆ ವರ್ಷದಿಂದ. ಡಾಕ್ಟರಮ್ಮ ತಲೆ ಬಗ್ಗಿಸಿ 'ಇಲ್ಲ' ಎಂದು ಬರೆಯುತ್ತಿದ್ದರು. ಅಪ್ಪ ನನ್ನ ಕಡೆ ನೋಡಿದರು. ಆ ನೋಟ ನಿನಗೂ ಗೊತ್ತು.

"ತಗೋತಾರೆ," ಎಂದೆ. "ದಿನಾ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆ ಮಾತ್ರೆಗಳೇ ಸಣ್ಣ ಕರುಳಿನಲ್ಲಿ ಹುಣ್ಣು ಮಾಡಬಹುದಂತೆ. ಹುಣ್ಣು ಮಾಗಿದ ಜಾಗ ಕೆಲವರಿಗೆ ಬಳೆಯ ಹಾಗೆ ಬಿಗಿದು ಕಿರಿದಾಗುತ್ತದಂತೆ. ಅಂಥ ಕಡೆ ಕ್ಯಾಮೆರಾ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ದು ತೆಗೆಯಬೇಕಾದೀತು. "ನಿಮ್ಮ ಮಗಳು ಬಾಯಿ ಬಿಡದಿದ್ರೆ ನಾಳೆಯೇ ಕ್ಯಾಮೆರಾ ನುಂಗಿಸ್ತಿದ್ದೆ," ಎಂದರು. ಅವತ್ತಿಗೇ ಆ ಮಾತ್ರೆ ನಿಲ್ಲಿಸಿ, ಮೊದಲು ಕ್ಯಾಮೆರಾ ಇಲ್ಲದ ಒಂದು ಹುಸಿ ಗುಳಿಗೆ ಕೊಟ್ಟರು. ಸಿಕ್ಕಿಕೊಂಡರೂ ಅದು ತಾನೇ ಕರಗಿಹೋಗುತ್ತದೆ. ನೀನು ಲೆಕ್ಕ ಹಿಡಿದ ಪರೀಕ್ಷೆಗಳಲ್ಲಿ ಒಂದು ಇದು. ಅದಕ್ಕೆ ಕಾರಣ ನಾನು.

ಬಸ್ಸಿನಲ್ಲಿ ಅಪ್ಪ ಒಂದೇ ಮಾತು ಹೇಳಿದರು. "ಹೊರಗಿನವರ ಮುಂದೆ ಮಾನ ಕಳೆದೆ." ಆಮೇಲೆ ವಾರವಿಡೀ ನನ್ನ ಹತ್ತಿರ ಮಾತಿಲ್ಲ. ಏನು ಬೇಕಾದರೂ ಅಮ್ಮನ ಮೂಲಕ. "ನೀರು ಕೊಡು ಅಂತ ಹೇಳು ಅವಳಿಗೆ." ಅಮ್ಮ ಕೊನೆಗೆ, "ನಾನೇನು ನಿಮ್ಮಿಬ್ಬರ ಮಧ್ಯೆ ಅಂಚೆಯವಳಾ?" ಎಂದು ಚೆಂಬನ್ನು ಕುಕ್ಕಿ ಒಳಗೆ ಹೋದಳು.

ಹುಸಿ ಗುಳಿಗೆ ಇಡಿಯಾಗಿ ಹೊರಬಂತು, ಅಂದರೆ ದಾರಿ ಎಲ್ಲೂ ಕಿರಿದಾಗಿಲ್ಲ. ಮುಂದಿನ ವಾರ ನಿಜವಾದದ್ದು. ಬೆಳಿಗ್ಗೆ ಎಂಟಕ್ಕೆ ನುಂಗಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ, ಪಕ್ಕಕ್ಕೊಂದು ಡಬ್ಬಿ ತೂಗುಹಾಕಿ ಮನೆಗೆ ಕಳಿಸಿದರು. ಎಷ್ಟು ಗಂಟೆಗೆ ಏನು ಮಾಡಿದರು ಎಂದು ಬರೆದಿಡಲು ಒಂದು ಹಾಳೆ. ಬರೆಯುವ ಕೆಲಸ ನನ್ನದು. ಹತ್ತು ಗಂಟೆಯವರೆಗೆ ನೀರೂ ಇಲ್ಲ, ಹನ್ನೆರಡರವರೆಗೆ ತಿಂಡಿ ಇಲ್ಲ. ಹತ್ತೂಮುಕ್ಕಾಲಿಗೆ ಅಡುಗೆಮನೆಗೆ ಹೋಗಿ ಬಂದರು, ಮೀಸೆಯ ಮೇಲೆ ಬಿಸ್ಕತ್ತಿನ ಪುಡಿ.

"ಬರೆಯಬೇಡ," ಎಂದರು. ಅಷ್ಟು ದಿನಗಳ ನಂತರ ನೇರವಾಗಿ ನನ್ನೊಡನೆ ಆಡಿದ ಮೊದಲ ಮಾತೇ ಇದು.

"ಬರೆದಾಯ್ತು. ಒಂದಾ, ಎರಡಾ?"

ಮೀಸೆ ಒರೆಸಿಕೊಂಡರು. "ಎರಡೂವರೆ," ಎಂದರು. ಆಮೇಲೆ ಇಬ್ಬರೂ ನಕ್ಕೆವು. ಸಂಜೆಯವರೆಗೆ ಎದುರುಬದುರು ಕೂತಿದ್ದೆವು. ನಾನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದಕ್ಕೆ ಅಮ್ಮ ಎರಡು ಸಲ ಬಂದು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಮೂರನೆಯ ದಿನ ಇನ್ನೊಂದು ನಡೆಯಿತು. ಇಂಥ ಗಟ್ಟಿ ವಸ್ತು ಪೈಪಿಗೆ ಹೋದರೆ ಇಡೀ ಕಟ್ಟಡದ ಸಂಡಾಸು ಕಟ್ಟಿಕೊಳ್ಳುತ್ತದೆ ಎಂದು ಅಪ್ಪ ಜಾಲರಿ ಹಿಡಿದು ಆ ಕ್ಯಾಮೆರಾವನ್ನು ಹಿಡಿದೇಬಿಟ್ಟರು. ಸೋಪು ಹಾಕಿ ತೊಳೆದು, ವಾಷರ್ ಇಡುವ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ತಂದು, "ತಗೊಳ್ಳಿ, ನಿಮ್ಮ ಸಾಮಾನು," ಎಂದು ಮೇಜಿನ ಮೇಲಿಟ್ಟರು. ಫೋಟೋಗಳೆಲ್ಲ ಸೊಂಟದ ಡಬ್ಬಿಯಲ್ಲಿದ್ದವು, ಇದು ಬಿಸಾಡುವ ವಸ್ತು. ಡಾಕ್ಟರಮ್ಮ ವಾಷರ್ ಡಬ್ಬಿಯನ್ನು ಒಂದು ಬೆರಳಿನಲ್ಲಿ ಅಪ್ಪನ ಕಡೆಗೇ ಮೆಲ್ಲಗೆ ತಳ್ಳಿದರು. "ನೀವೇ ಇಟ್ಕೊಳ್ಳಿ, ನೆನಪಿಗೆ."

ಫೋಟೋಗಳಲ್ಲಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ ನಾಲ್ಕು ಹುಣ್ಣುಗಳಿದ್ದವು, ಒಂದರಿಂದ ರಕ್ತ ಜಿನುಗುತ್ತಿತ್ತು. ಆದ್ದರಿಂದ ಬಾಯಿಯ ಕಡೆಯಿಂದಲೇ ಬಲೂನಿನ ಕೊಳವೆ ಬಿಟ್ಟರು. ಪೈಜಾಮಕ್ಕೆ ಲಾಡಿ ಪೋಣಿಸುವಾಗ ಬಟ್ಟೆ ನೆರಿಗೆಯಾಗಿ ಹಿಂದೆ ಸರಿಯುತ್ತದಲ್ಲ, ಹಾಗೆ ಕರುಳನ್ನು ಕೊಳವೆಯ ಮೇಲೆ ನೆರಿಗೆ ಮಾಡುತ್ತ ಮುಂದೆ ಹೋಗುತ್ತಾರೆ. ಒಂದೂವರೆ ಗಂಟೆ ಹಿಡಿಯಿತು. ಸೋರುವ ಜಾಗ ಸುಟ್ಟು ಮುಚ್ಚಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಇಲ್ಲ. ಮಾತ್ರೆಯ ಹುಣ್ಣು, ಅಷ್ಟೇ. ಗುಳಿಗೆ ಒಂದೇ ಆಗಿದ್ದರೆ ಜಾಗ ನೋಡಿ ಸುಮ್ಮನಿರಬೇಕಿತ್ತು. ಕೊಳವೆ ಒಂದೇ ಆಗಿದ್ದರೆ ತಪ್ಪು ಕಡೆಯಿಂದ ಹೋಗಿ ಒಂದು ದಿನ ವ್ಯರ್ಥವಾಗುತ್ತಿತ್ತೇನೋ. ನಮ್ಮನ್ನು ಯಾರೂ ಆಟ ಆಡಿಸಲಿಲ್ಲ ಅಕ್ಕ.

ಮಂಡಿಗೆ ಈಗ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಅಪ್ಪ ಗೊಣಗುತ್ತ ಮಾಡುತ್ತಾರೆ. ನಾನು ಬೆಳಗಿನ ಹೊತ್ತು ಅವರ ಜೊತೆ ಪೈಪಿನ ಕೆಲಸಕ್ಕೆ ಹೋಗುತ್ತೇನೆ, ಮಧ್ಯಾಹ್ನದ ಮೇಲೆ ಕೊರಿಯರ್. ಅವರು ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಡುತ್ತಾರೆ, ನಾನು ಸಿಂಕಿನ ಕೆಳಗೆ ನುಗ್ಗುತ್ತೇನೆ. ಇದಕ್ಕೆ ನನ್ನನ್ನು ಹೊಗಳಿ ಬರೆಯಬೇಡ.

ಅಪ್ಪ ಅಮ್ಮ ಇಬ್ಬರೂ ನಿನ್ನನ್ನು ಹರಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಮೊದಲನೆಯವಳಾಗಿ ತೇರ್ಗಡೆಯಾಗದಿದ್ದರೂ ಚಿಂತೆಯಿಲ್ಲ ಎಂದು ಅಮ್ಮ. ಆಗಬೇಕು ಎಂದು ಅಪ್ಪ.

ನಿನ್ನ,
ಬುಗುರಿ

ತಾ.ಕ.: ಆವತ್ತು ಡಾಕ್ಟರಮ್ಮ ಇನ್ನೂ ಒಂದು ಕೇಳಿದ್ದರು. ಚೀಟಿಯಿಲ್ಲದೆ ಅಷ್ಟೊಂದು ಮಾತ್ರೆ ಯಾರು ತಂದುಕೊಡುತ್ತಿದ್ದರು ಎಂದು. "ನಾನೇ," ಎಂದರು ಅಪ್ಪ. ಅಲ್ಲ ಅಕ್ಕ. ಪ್ರತಿ ಶನಿವಾರ ತರುತ್ತಿದ್ದವಳು ನಾನು. ಎರಡು ವರ್ಷ ಅವರ ಜೊತೆ ದುಡಿದು, ಬೇಸರವಾಯಿತು ಎಂದು ಒಂದು ಬೆಳಿಗ್ಗೆ ಸಲಕರಣೆಯ ಚೀಲ ಕೆಳಗಿಟ್ಟು ಕೊರಿಯರ್ ಸೇರಿದೆನಲ್ಲ, ಅಂದಿನಿಂದ ಸಿಂಕಿನ ಕೆಳಗೆ, ನೀರಿನ ತೊಟ್ಟಿಯೊಳಗೆ ಅವರೇ ಮಂಡಿಯೂರಬೇಕಾಯಿತು. ವಾಪಸ್ ಬಾ ಎಂದು ಒಂದು ದಿನವೂ ಕೇಳಲಿಲ್ಲ. ಮಾತ್ರೆ ತಾ ಎಂದಷ್ಟೇ ಕೇಳಿದರು. ವಾಪಸ್ ಹೋಗುವುದಕ್ಕಿಂತ ಅದು ಸುಲಭವಾಗಿತ್ತು, ತಂದುಕೊಟ್ಟೆ. "ನಾನೇ" ಎಂದಾಗ ಅವರು ನನ್ನ ಕಡೆ ನೋಡಲೂ ಇಲ್ಲ. ಅಪ್ಪನ ಮೊದಲ ಸುಳ್ಳನ್ನು ಅಲ್ಲೇ ತಿದ್ದಿದವಳು, ಇದನ್ನು ತಿದ್ದಲಿಲ್ಲ.