ನಮ್ಮೂರ ಮೇಲಿನ ದಡ

ಹೊಸ ಊರು, ಕೋಮ್ ಒಂಬೊ
೧೧ ಮಾರ್ಚ್ ೧೯೭೮

ಪ್ರೀತಿಯ ತಂಗಿ ನಬ್ರಾಗೆ,

ನಿನ್ನ ಅಕ್ಕ ಅಶ್ರಿಯ ಸಲಾಮು. ನಿನಗೂ, ಬಾಣಂತಿ ಮಗಳಿಗೂ, ನಾನಿನ್ನೂ ಮುಖ ನೋಡದ ಮೊಮ್ಮಗಳಿಗೂ ದೇವರು ಆಯಸ್ಸು ಕೊಡಲಿ. ನಿನ್ನ ಕಾಗದ ಬಂದು ಹನ್ನೆರಡು ದಿನ ಆಯ್ತು. ಉತ್ತರ ಇಲ್ಲ ಅಂತ ಬೈಕೊಂಡಿರ್ತೀಯ. ಬೈಕೋ. ನಾನು ಮನೇಲಿರಲಿಲ್ಲ, ಸರೋವರಕ್ಕೆ ಹೋಗಿದ್ದೆ. ಹೌದು, ಅದೇ ಸರೋವರಕ್ಕೆ. ಕಾಗದ ಹರಿದು ಹಾಕಬೇಡ, ಮುಂದೆ ಓದು.

ಮಗುವಿನ ನಲವತ್ತನೇ ದಿನದ ಶಾಸ್ತ್ರ ಅಲೆಕ್ಸಾಂಡ್ರಿಯಾದಲ್ಲೇ ನಲ್ಲಿ ನೀರಲ್ಲಿ ಮುಗಿಸ್ತೀನಿ ಅಂತ ಬರೆದಿದ್ದೆಯಲ್ಲ, ಅದನ್ನ ಅಮ್ಮನಿಗೆ ಓದಿ ಹೇಳಿದೆ. ಎರಡು ಹೊತ್ತು ಊಟ ಬಿಟ್ಟಳು. "ನಲ್ಲಿಯೊಳಗೆ ಯಾರಿರ್ತಾರೆ? ಮಗೂನ ಯಾರಿಗೆ ತೋರಿಸ್ತಾಳಂತೆ, ನಲ್ಲಿ ರಿಪೇರಿಯವನಿಗಾ?" ಅಂದಳು. ಹೊಳೆ ನೀರಲ್ಲಿ ಮುಖ ತೊಳೆಸಿಕೊಳ್ಳದೆ, ಹೊಳೆಯೊಳಗಿನ ಕಾಣದ ಜನಕ್ಕೆ ಏಳು ತುತ್ತು ಗಂಜಿ ಬಿಡದೆ ನಮ್ಮಲ್ಲಿ ಯಾವ ಮಗು ಬೆಳೆದಿದೆ ಹೇಳು. ಆದರೆ ನಿನ್ನ ಸಿಟ್ಟೂ ನಂಗೆ ಗೊತ್ತು. ಅಣೆಕಟ್ಟಿನ ನೀರು ನಮ್ಮೂರನ್ನ ನುಂಗಿತು, ನಿನ್ನ ಮಗ ಪುಟ್ಟ ಇದ್ರಿಸನ ಗೋರಿಯನ್ನೂ ನುಂಗಿತು. ಆ ನೀರನ್ನ ಕಣ್ಣೆತ್ತಿ ನೋಡಲ್ಲ ಅಂತ ಹದಿನಾಲ್ಕು ವರ್ಷದ ಹಿಂದೆ ಆಣೆ ಇಟ್ಟೆ. ಅದಕ್ಕೇ ಮೊದಲು ನಾನು ಹೋಗಿ ನಮ್ಮೂರ ಮೇಲಿನ ದಡ ಹುಡುಕ್ತೀನಿ, ಸಿಕ್ಕರೆ ನಿನ್ನ ಕರೀತೀನಿ, ಸಿಗದಿದ್ದರೆ ಬಾಯಿ ಮುಚ್ಚಿಕೊಂಡಿರ್ತೀನಿ ಅಂತ ಹೊರಟೆ.

ನಿನ್ನ ಭಾವ ಅಲ್ಲಿ ಮೀನಿನ ದೋಣಿ ನಡೆಸ್ತಾರಲ್ಲ, ಅದರಲ್ಲೇ ಹೋದ್ವಿ. ಅಮ್ಮನೂ ಹಟ ಹಿಡಿದು ಹತ್ತಿದಳು. ಕಣ್ಣಿಗೆ ಪೊರೆ ಬಂದು ತನ್ನ ಕೈ ತನಗೇ ಕಾಣಲ್ಲ, ಆದರೂ ದಾರಿ ಹೇಳೋದು ಬಿಡಲಿಲ್ಲ.

ಮೊದಲನೇ ದಡ ಏನು ಚೆಂದ ಅಂತೀಯ. ಬಿಳೀ ಮರಳು, ನರಪಿಳ್ಳೆ ಇಲ್ಲ. ಮರಳ ಮೇಲೆ ನರಿ ಹೆಜ್ಜೆ ಇತ್ತು, ಪಕ್ಕದಲ್ಲೇ ಮೊಸಳೆ ಹೊಟ್ಟೆ ಎಳೆದ ಗುರುತೂ ಇತ್ತು. "ಇದು ನಿಮ್ಮೂರಾದ್ರೂ ಬೇಡ, ಹತ್ತಿ ಹತ್ತಿ" ಅಂತ ನಿನ್ನ ಭಾವ ನಮ್ಮನ್ನ ದೋಣಿಗೆ ಅಟ್ಟಿದರು.

ಎರಡನೇ ದಡದಲ್ಲಿ ನನ್ನ ಮಾನ ಹೋಯ್ತು. ನಮ್ಮೂರ ಬೆನ್ನಿಗಿದ್ದ ಒಂಟೆಗುಡ್ಡ ಕಂಡಂಗಾಯ್ತು. ಇದೇ, ಇದೇ ಅಂತ ಇಳಿದು ಮರಳಿಗೆ ಮುತ್ತಿಟ್ಟು ಅತ್ತೆ. ಅಮ್ಮ ತಂದಿದ್ದ ಹಾಲುಗಂಜಿಯನ್ನೆಲ್ಲ ನೀರಿಗೆ ಬಿಟ್ಟು ಹೊಳೆಯೊಳಗಿನವರ ಒಬ್ಬೊಬ್ಬರ ಕ್ಷೇಮ ವಿಚಾರಿಸಿದಳು. ಅಷ್ಟರಲ್ಲಿ ಒಬ್ಬ ಮುದುಕ ಬಲೆ ಹೊತ್ತುಕೊಂಡು ಬಂದು, "ಯಾರಮ್ಮಾ ನೀವು, ನಮ್ಮೂರಿಗೆ ಬಂದು ಅಳ್ತಿದ್ದೀರಿ?" ಅಂದ. ಅವನು ಮೇಲಿನೂರಿನವನು. ನೀರು ಗುಡ್ಡಗಳ ಕಾಲು ಸೊಂಟ ಎಲ್ಲಾ ಮುಳುಗಿಸಿ ಬರೀ ತಲೆ ಬಿಟ್ಟಿದೆ ಕಣೇ, ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗಬೇಕು? ಅಮ್ಮ ಮಾತ್ರ ಬಿಡಲಿಲ್ಲ. "ನಮ್ಮ ಖರ್ಜೂರ ಕದ್ದವರ ವಂಶಕ್ಕೆ ನನ್ನ ಕೈಯಿಂದಲೇ ಗಂಜಿ ಉಣಿಸಿಬಿಟ್ಟೆಯಲ್ಲೇ" ಅಂತ ಸಂಜೆವರೆಗೂ ಮುಖ ತಿರುಗಿಸಿಕೊಂಡು ಕೂತಳು. ಮುದುಕ ನಕ್ಕು, "ಉಂಡಿದ್ದನ್ನ ನಮ್ಮವರು ಮರೆಯಲ್ಲ ತಾಯಿ. ನಿಮ್ಮೂರು ಇನ್ನೆರಡು ತಿರುವು ಕೆಳಗೆ ನೋಡಿ" ಅಂದ.

ಮಾರನೇ ಬೆಳಿಗ್ಗೆ ಅಲ್ಲಿಗೆ ಹೋದ್ವಿ. ಸಣ್ಣ ದಡ, ಹಳದಿ ಮರಳು, ನೀರು ಅಲುಗಾಡದೆ ನಿಂತಿತ್ತು. ನನಗೆ ಒಂದು ಕಲ್ಲಿನ ಗುರುತೂ ಸಿಗಲಿಲ್ಲ. ಹಿಂದಿನ ದಿನದ ಅವಮಾನ ಬೇರೆ, ಬಾಯಿ ಬಿಡೋಕೇ ಹೆದರಿಕೆ. ಅಮ್ಮ, "ಯಂತ್ರ ನಿಲ್ಲಿಸಪ್ಪ" ಅಂದಳು. ಎರಡೂ ಕೈ ಬಾಯಿಗೆ ಹಿಡಿದು, "ನಬ್ರಾ, ಊಟಕ್ಕೆ ಬಾರೇ" ಅಂತ ಕೂಗಿದಳು.

ಹಿಂದಿನ ಬಂಡೆ ನಿನ್ನ ಹೆಸರು ಕೂಗಿತು. ಅದರ ಹಿಂದೆಯೇ ದೂರದ್ದೂ ಕೂಗಿತು. ನೆನಪಿದೆಯಾ, ಅಮ್ಮ ಒಂದು ಸಲ ಕರೆದರೆ ಊರೆಲ್ಲಾ ಮೂರು ಸಲ ಕರೆಯುತ್ತೆ ಅಂತ ನೀನು ರೇಗ್ತಿದ್ದೆ. ನಿನ್ನ ಭಾವ, ಯಾವುದನ್ನೂ ನಂಬದ ಮನುಷ್ಯ, ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಅಮ್ಮ ದೋಣಿಯಿಂದ ಇಳಿದು ಮೊಣಕಾಲುದ್ದ ನೀರಲ್ಲಿ ನಿಂತು ಸುಮ್ಮನೆ ನಗ್ತಾ ಇದ್ದಳು. ಅವಳು ಹಾಗೆ ನಕ್ಕಿದ್ದನ್ನ ಈ ಹೊಸ ಊರಲ್ಲಿ ನಾನು ಒಂದು ದಿನವೂ ನೋಡಿಲ್ಲ. ನನಗೆ ತಡೆಯಲಾಗದಷ್ಟು ಸಂತೋಷ ಆಯ್ತು. ಇನ್ನೊಂದು ಸುದ್ದಿ, ನಮ್ಮೂರಿನ ಎರಡು ಮನೆಯವರು ಅಲ್ಲೇ ಗುಡಿಸಲು ಹಾಕಿದ್ದಾರೆ. ನೀರು ಇಳಿದ ಜಾಗದಲ್ಲಿ ಕಲ್ಲಂಗಡಿ ಬಿತ್ತಿ, ನಮಗೂ ಎರಡು ಹಣ್ಣು ಕೊಟ್ಟು ಕಳಿಸಿದರು.

ಈ ತಿಂಗಳ ಕೊನೆಗೆ ನಲವತ್ತು ತುಂಬುತ್ತೆ. ಮಗಳನ್ನೂ ಮೊಮ್ಮಗಳನ್ನೂ ಕರ್ಕೊಂಡು ರೈಲು ಹತ್ತು. ಮಗುವಿಗೆ ದೃಷ್ಟಿ ತಾಗದಿರಲಿ, ನಿನ್ನ ಮಂಡಿನೋವು ವಾಸಿಯಾಗಲಿ, ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ,
ಅಶ್ರಿ

ಮತ್ತೊಂದು ಮಾತು. ಮರೆತು ಬಿಟ್ಟಿದ್ದಲ್ಲ, ಧೈರ್ಯ ಬರಲಿಲ್ಲ. ಊರು ಬಿಟ್ಟ ದಿನ ಎಲ್ಲರೂ ತಮ್ಮವರ ಗೋರಿ ಮೇಲಿನ ಬಟ್ಟಲಿಗೆ ಕೊನೇ ಸಲ ನೀರು ತುಂಬಿಸಿ ಬಂದರು. ನಿನಗೆ ಜ್ವರ, ಚಾಪೆ ಸಮೇತ ಹಡಗಿಗೆ ಹತ್ತಿಸಿದ್ದರು. "ಅಕ್ಕಾ, ಇದ್ರಿಸನ ಬಟ್ಟಲಿಗೆ ನೀನು ಹಾಕಿ ಬಾ" ಅಂದೆ. ಹಾಕಿ ಬಂದೆ ಅಂತ ಹೇಳಿದೆ. ಹಾಕಿರಲಿಲ್ಲ ನಬ್ರಾ. ಗೋಡೆಗೆ ಕೂರಿಸಿದ್ದ ನನ್ನ ಮದುವೆ ತಟ್ಟೆಗಳನ್ನ ಕೀಳ್ತಾ ನಿಂತೆ, ಅಷ್ಟರಲ್ಲಿ ಹಡಗು ಕೂಗಿತು. ನೀನು ಆ ನೀರನ್ನ ದ್ವೇಷಿಸಿದಷ್ಟು ದಿನ ನನಗೆ ಅನುಕೂಲವೇ ಆಯ್ತು, ಆ ಬಟ್ಟಲಿನ ಮಾತು ನನ್ನನ್ನ ಯಾರೂ ಕೇಳಲಿಲ್ಲ. ಇದನ್ನ ಓದಿದ ಮೇಲೆ ನನ್ನ ಮುಖ ನೋಡಲ್ಲ ಅಂತ ಆಣೆ ಇಟ್ಟರೆ ಇಡು. ನಾನು ಮನೇಲೇ ಇರ್ತೀನಿ, ನಿನ್ನ ಭಾವ ಸ್ಟೇಷನ್ನಿಗೆ ಬರ್ತಾರೆ. ನೀನು ಮಾತ್ರ ಮಗೂನ ಕರ್ಕೊಂಡು ಬಾ.