ಮೂರು ವರ್ಷದ ಡಾಕ್ಟರಿಕೆ

ಪೆಲ್ಟೊ, ಉತ್ತರ ಮಿಶಿಗನ್
ಭಾನುವಾರ, ೧೬ ಮಾರ್ಚ್ ೧೯೭೫

ಪ್ರೀತಿಯ ಮಗಳು ಸಿಲ್ವಿಗೆ,

ಅಪ್ಪನ ಆಶೀರ್ವಾದಗಳು. ನಾಲ್ಕು ಭಾನುವಾರ ಕಾಗದ ಬರೆಯಲಿಲ್ಲ, ತಪ್ಪಾಯಿತು. ನೀನು ಮನೆ ಬಿಟ್ಟ ಆರು ವರ್ಷದಲ್ಲಿ ಒಂದು ವಾರವೂ ತಪ್ಪಿಸದವನು ಈಗ ಒಮ್ಮೆಗೇ ನಾಲ್ಕು ತಪ್ಪಿಸಿದ್ದೇನೆ. ಅಕ್ಷರ ನೋಡಿ ಗಾಬರಿಯಾಗಬೇಡ, ಇದು ಲೆಂಪಿಯ ಕೈಬರಹ. ಕಾರಿನ ಬಾಗಿಲಿಗೆ ನನ್ನ ಹೆಬ್ಬೆರಳು ಸಿಕ್ಕಿಕೊಂಡು ಊದಿದೆ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಇಪ್ಪತ್ತೇಳು ವರ್ಷ ನನ್ನ ಕ್ಲಿನಿಕ್ಕಿನಲ್ಲಿ ನರ್ಸಾಗಿ ದುಡಿದವಳಿಗೆ ನನ್ನ ಬೈಗುಳ ಹೊಸದೇನಲ್ಲ. ಆದ್ದರಿಂದ ನಾಲಿಗೆಗೆ ಕಡಿವಾಣ ಹಾಕುವ ಉದ್ದೇಶ ನನಗಿಲ್ಲ.

ಊರಿನಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಹಿಮ ಇನ್ನೂ ಕಿಟಕಿಯ ಕೆಳಗಂಚಿನವರೆಗೆ ನಿಂತಿದೆ. ಸರೋವರದ ಮೇಲೆ ಎರಡಡಿ ಮಂಜುಗಡ್ಡೆ ಇದೆ, ಟ್ರೌಟ್ ಮೀನು ಚೆನ್ನಾಗಿ ಬೀಳುತ್ತಿದೆ. ಆದರೆ ಅದರ ಹೃದಯ ಕೊಯ್ದು ಬಸ್ಸಿನಲ್ಲಿ ಕಳಿಸುವವನು ಇನ್ನು ನಾನಲ್ಲ. ನಿನ್ನ ಪ್ರಯೋಗಶಾಲೆಗೆ ಬೇಕಿದ್ದರೆ ಆ ಮೂರು ವರ್ಷದ ಮಹಾಶಯರನ್ನೇ ಕೇಳು, ಅವರೇ ಬಂದು ಮಂಜುಗಡ್ಡೆಯಲ್ಲಿ ತೂತು ಕೊರೆದು ಹಿಡಿದುಕೊಳ್ಳಲಿ.

ಹೌದು, ವಿಷಯಕ್ಕೆ ಬಂದೆ. ಎಷ್ಟೊಂದು ಸುತ್ತುವುದು!

ಮನುಷ್ಯರೆಲ್ಲ ನಾಲ್ಕು ವರ್ಷ ಓದಿ ಡಾಕ್ಟರಾಗುತ್ತಾರೆ. ನಿನ್ನ ಕಾಲೇಜಿನವರು ಬೇಸಿಗೆ ರಜೆಯನ್ನೂ ಕೊನೆಯ ವರ್ಷವನ್ನೂ ಕತ್ತರಿಸಿ ಮೂರೇ ವರ್ಷಕ್ಕೆ ಮುಗಿಸುವ ದಾರಿ ತೆರೆದಿದ್ದಾರೆ. ಅದರ ಪಕ್ಕದಲ್ಲೇ ಇನ್ನೊಂದು ದಾರಿಯೂ ಇದೆ: ಎಂಟು ವರ್ಷ, ಡಾಕ್ಟರ್ ಪದವಿ ಮತ್ತು ಸಂಶೋಧನೆಯ ಪದವಿ ಎರಡೂ ಒಟ್ಟಿಗೆ, ಶುಲ್ಕವೂ ಇಲ್ಲ. ಆ ದಾರಿಗೆ ನಿನ್ನ ತರಗತಿಯ ನೂರಿಪ್ಪತ್ತು ಜನರಲ್ಲಿ ಇಬ್ಬರನ್ನು ಮಾತ್ರ ಕರೆದರು. ಅದರಲ್ಲಿ ಒಬ್ಬಳು ಈ ಆರ್ನೆ ಕೊಸ್ಕೆಲಾನ ಮಗಳು, ನೀನು. ನೀನು ಅದನ್ನು ಒದ್ದು ಮೂರು ವರ್ಷದ ಸಾಲಿನಲ್ಲಿ ಹೋಗಿ ನಿಂತೆ. ಯಾಕೆ ಎಂದು ಕೇಳಿದ್ದಕ್ಕೆ ಒಂದೇ ಸಾಲು ಬರೆದೆ: "ಅಪ್ಪ, ಮೀನು ಸಾಕಾಗಿದೆ, ಬೇಗ ಊರಿಗೆ ಬರ್ಬೇಕು ಅನ್ಸಿದೆ."

ಮೀನು ಸಾಕಾಯಿತಂತೆ! ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಟ್ರೌಟ್ ಮೀನಿನ ಹೃದಯ ನಿಲ್ಲದೆ ಹೇಗೆ ಬಡಿಯುತ್ತದೆ ಎಂದು ಇಡೀ ವರ್ಷ ಪುಟಗಟ್ಟಲೆ ಬರೆದವಳು ಯಾರು? ಥ್ಯಾಂಕ್ಸ್‌ಗಿವಿಂಗ್ ಊಟದ ಮೇಜಿನ ಮೇಲೆ, ಲೆಂಪಿ ಮಾಡಿದ ಟರ್ಕಿ ಕೋಳಿಯ ಪಕ್ಕದಲ್ಲಿ, ಮೀನಿನ ಹೃದಯ ಬಿಡಿಸಿಟ್ಟು ನಮಗೆಲ್ಲ ಪಾಠ ಹೇಳಿದವಳು ಯಾರು?

(ಸಿಲ್ವಿ, ಆ ಮೇಜುಬಟ್ಟೆ ಕಲೆ ಇನ್ನೂ ಹೋಗಿಲ್ಲ ಕಣಮ್ಮ. — ಲೆಂಪಿ)

ನೋಡು, ನಡುವೆ ತನ್ನದೂ ಸೇರಿಸುತ್ತಾಳೆ. ಸೇರಿಸಲಿ.

ಜನವರಿಯಲ್ಲಿ ನಾನು ಬರೆದ ಕಾಗದ ಕೆಟ್ಟದಾಗಿತ್ತು, ಒಪ್ಪುತ್ತೇನೆ. "ಯಾವನೋ ಒಬ್ಬ ಸಿಕ್ಕಿರಬೇಕು, ಮದುವೆಯ ಆತುರ. ಮದುವೆಯಾಗುವುದಾದರೆ ಆಗು, ಅದಕ್ಕೆ ಡಾಕ್ಟರಿಕೆಯ ಕತ್ತು ಯಾಕೆ ಹಿಸುಕುತ್ತೀ" ಎಂದು ಬರೆದೆ. ನಿನ್ನ ಅಮ್ಮ ಬದುಕಿದ್ದರೆ ಆ ಕಾಗದವನ್ನು ಒಲೆಗೆ ಹಾಕುತ್ತಿದ್ದಳು. ಆದರೆ ಬೇರೆ ಕಾರಣವೇ ಹೊಳೆಯದಿದ್ದರೆ ಅಪ್ಪನಾದವನು ಏನು ತಿಳಿಯಬೇಕು? ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ನನ್ನ ಮಗಳಿಗೆ ಆತುರ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡೆ.

ಊರವರ ಬಾಯಿಗೂ ಬೀಗವಿಲ್ಲ. ಕೂದಲು ಕತ್ತರಿಸಿಕೊಳ್ಳಲು ಟಾವ್ನೊನ ಅಂಗಡಿಗೆ ಹೋಗಿದ್ದೆ. ಕುತ್ತಿಗೆಗೆ ಕತ್ತಿ ಹಿಡಿದುಕೊಂಡೇ ಕೇಳಿದ: "ಲೋ ಆರ್ನೆ, ಸಿಲ್ವಿ ಮೂರೇ ವರ್ಷಕ್ಕೆ ಡಾಕ್ಟ್ರಾಗ್ತಾಳಂತೆ? ಹಂಗಾದ್ರೆ ಮುಕ್ಕಾಲು ಫೀಸು ಕೊಟ್ರೆ ಸಾಕೇನೋ?"

"ನೀನು ಅರ್ಧ ತಲೆ ಕತ್ತರಿಸಿ ಪೂರ್ತಿ ದುಡ್ಡು ತಗೊಳಲ್ವೇನೋ, ಹಾಗೇ" ಎಂದೆ. ಎಲ್ಲರೂ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ನಾಲ್ಕನೇ ವರ್ಷ ದಂಡ ಅನ್ನುತ್ತಾರಲ್ಲ ಆ ಬುದ್ಧಿವಂತರು, ನನ್ನ ನಾಲ್ಕನೇ ವರ್ಷ ಕೇಳು. ಪರೀಕ್ಷೆ ಮುಗಿದಿತ್ತು, ಕೆಲಸ ಕಡಿಮೆ. ಮೂಲೆಯ ಹಾಸಿಗೆಯಲ್ಲಿ ಒಬ್ಬ ಮುದಿ ತಾಮ್ರದ ಗಣಿಯವನಿದ್ದ, ಎದೆ ತುಂಬ ಕಲ್ಲುಪುಡಿ. ಎರಡು ವಾರ ಅವನ ಪಕ್ಕದಲ್ಲಿ ಸುಮ್ಮನೆ ಕೂತೆ. ಯಾರೂ ಕೂರು ಅನ್ನಲಿಲ್ಲ, ಅಂಕವೂ ಇರಲಿಲ್ಲ. ಅವನ ಉಸಿರು ಏರುವುದು, ಇಳಿಯುವುದು, ನಿಲ್ಲುವ ಮುಂಚೆ ಬದಲಾಗುವುದು, ಎಲ್ಲ ನನ್ನ ಕಿವಿಗೆ ಅಂಟಿತು. ಆಮೇಲೆ ಈ ಊರಿನಲ್ಲಿ ಎಷ್ಟು ಗಣಿಯವರ ಎದೆಗೆ ಕಿವಿ ಕೊಟ್ಟೆನೋ ಲೆಕ್ಕವಿಲ್ಲ, ಎಲ್ಲ ಆ ಎರಡು ವಾರದ ಪುಣ್ಯ. ಮೂರು ವರ್ಷದಲ್ಲಿ ಮುಗಿಸುವವರು ಆ ಎರಡು ವಾರವನ್ನು ಯಾವ ತಿಂಗಳಿನಲ್ಲಿ ಇಟ್ಟಿದ್ದಾರೆ, ನನಗೆ ತೋರಿಸಲಿ.

ಅದನ್ನೇ ಕೇಳಲು ಕಳೆದ ಸೋಮವಾರ ಕ್ಲಿನಿಕ್ಕಿಗೆ ಬೀಗ ಹಾಕಿ ನಿನ್ನ ಡೀನ್‌ನನ್ನು ನೋಡಲು ಬಂದೆ. ಹೌದು, ನಿನ್ನ ಊರಿಗೇ ಬಂದಿದ್ದೆ. ಹಿಂದಿನ ರಾತ್ರಿಯೇ ಹೊರಟು ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂತು ಬಂದೆ. ಸಿಟ್ಟಾಗಬೇಡ, ಅಥವಾ ಆಗು, ನಾನೂ ಆಗಿದ್ದೇನೆ.

ಆ ವಿನ್‌ಸ್ಲೋ ಎಂಬ ಮನುಷ್ಯ ತುಂಬಾ ಮರ್ಯಾದಸ್ಥ, ಅದೇ ಅವನ ಮೊದಲ ದೋಷ. "ಕೂತ್ಕೊಳ್ಳಿ ಡಾಕ್ಟರ್ ಕೊಸ್ಕೆಲಾ, ಕಾಫಿ ತರಿಸ್ಲಾ?" ಎಂದ.

"ಕಾಫಿ ಬೇಡ. ನನ್ನ ಮಗಳ ಐದು ವರ್ಷ ನುಂಗಿದ್ದು ಯಾರು ಅಂತ ಹೇಳಿ" ಎಂದೆ.

"ಯಾರೂ ನುಂಗಿಲ್ಲ. ಅವರೇ ಇಷ್ಟಪಟ್ಟು ಆರಿಸ್ಕೊಂಡಿದ್ದು. ಹಳ್ಳಿ ಕಡೆ ಡಾಕ್ಟ್ರೇ ಇಲ್ಲ ಅಂತ ನೀವೇ ತಾನೇ ಕೂಗ್ತಿರೋದು? ಬೇಗ ತಯಾರು ಮಾಡಿ ಕಳಿಸೋಣ ಅಂತ ಈ ದಾರಿ ಮಾಡಿದೀವಿ."

"ತಯಾರು ಮಾಡೋಕೆ ಅವಳೇನು ಉಪ್ಪಿನಕಾಯಿಯಾ? ಅದಕ್ಕೂ ಇಷ್ಟು ದಿನ ಅಂತ ಇರತ್ತೆ ಸ್ವಾಮಿ, ಮುಂಚೆ ತೆಗೆದ್ರೆ ಹಸಿ ವಾಸನೆ ಹೊಡೆಯತ್ತೆ. ಮೂರು ವರ್ಷಕ್ಕೆ ಮುಗಿಸಿದ್ರೆ ಸರಕಾರ ನಿಮಗೆ ಹೆಚ್ಚಿಗೆ ದುಡ್ಡು ಕೊಡತ್ತಂತಲ್ಲ, ಅದನ್ನ ಯಾಕೆ ಹೇಳಲ್ಲ?"

ಅವನ ಕಿವಿ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. "ಅವರನ್ನ ಎಂಟು ವರ್ಷದ ದಾರೀಲಿ ಉಳಿಸ್ಕೊಳೋಕೆ ನಾನೇ ಮೂರು ಸಲ ಕರೆದು ಮಾತಾಡ್ದೆ. ಏಪ್ರಿಲ್ ಒಂದರವರೆಗೂ ಆ ಜಾಗ ಖಾಲಿ ಇಟ್ಟಿದೀನಿ. ಕೇಳಲ್ಲ ಅಂತಾರೆ. ಕಾರಣ ಬರೆದು ಕೊಟ್ಟಿದಾರೆ. ನಿಮಗೆ ತೋರಿಸೋ ಹಾಗಿಲ್ಲ, ಆದ್ರೂ ಒಬ್ಬ ಡಾಕ್ಟ್ರು ಅಂತ ತೋರಿಸ್ತೀನಿ" ಎಂದು ಒಂದು ಕಡತ ತೆಗೆದು ನನ್ನ ಮುಂದಿಟ್ಟ.

ಅದರಲ್ಲಿ ಏನಿತ್ತು ಎಂಬುದು ಈಗ ಬೇಡ. ಲೆಂಪಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾಳೆ. ಬರಿ ಲೆಂಪಿ, ಮುಂದಕ್ಕೆ ಬರಿ.

ಅಲ್ಲಿಂದ ಎದ್ದು ಬಂದೆ. ನಿನ್ನ ಪ್ರಯೋಗಶಾಲೆಯ ಎದುರಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತಿದ್ದೆ. ನೀನು ಹೊರಗೆ ಬಂದೆ. ನನ್ನ ಹಳೆಯ ತುಪ್ಪಳದ ಟೋಪಿ ಹಾಕಿಕೊಂಡು, ಸೇಬು ಕಚ್ಚುತ್ತಾ, ಒಬ್ಬ ಹುಡುಗಿಯ ಜೊತೆ ಏನೋ ವಾದ ಮಾಡುತ್ತಾ ಹೋದೆ. ತೆಳ್ಳಗಾಗಿದ್ದೀ. ಕೂಗಬೇಕೆಂದು ಬಾಯಿ ತೆರೆದೆ, ಕೂಗಲಿಲ್ಲ. ಸಂಜೆಯ ಬಸ್ಸು ಹತ್ತಿದೆ.

ಇಷ್ಟೇ ಹೇಳುವುದಿತ್ತು. ಅರೆಬೆಂದ ಡಾಕ್ಟರನ್ನು ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂರಿಸುವುದಿಲ್ಲ ಎಂದು ಜನವರಿಯಲ್ಲಿ ಬರೆದಿದ್ದೆ, ಈಗಲೂ ಅದೇ ಮಾತು. ಚೆನ್ನಾಗಿ ಊಟ ಮಾಡು. ಲೆಂಪಿ ಏಲಕ್ಕಿ ಹಾಕಿದ ನಿಸು ರೊಟ್ಟಿ ಕಳಿಸುತ್ತಾಳಂತೆ, ಕಾಫಿಗೆ ಅದ್ದಿಕೊಂಡು ತಿನ್ನು. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ನಿನ್ನ ಕೈ ಗಟ್ಟಿಯಾಗಿರಲಿ, ನಿನ್ನ ಅಮ್ಮನ ತಾಳ್ಮೆ ನಿನಗೆ ಬರಲಿ. ನನ್ನದು ಬೇಡ, ನನ್ನ ಹತ್ತಿರ ಅದು ಇಲ್ಲವೇ ಇಲ್ಲ.

ನಿನ್ನ ಅಪ್ಪ,
ಆರ್ನೆ ಕೊಸ್ಕೆಲಾ

(ಸಿಲ್ವಿ, ಹೆಬ್ಬೆರಳಿನ ವಿಷಯ ನಾನು ಬರೆದಿದ್ದು ಅವ್ರು ಹೇಳಿದ್ರು ಅಂತ ಅಷ್ಟೇ. ನನ್ನನ್ನ ಏನೂ ಕೇಳ್ಬೇಡ. — ಲೆಂಪಿ)

ಮರೆತ ಮಾತು:

ಒಲೆಯಲ್ಲಿ ರೊಟ್ಟಿ ಇದೆ ಎಂದು ಲೆಂಪಿ ಮನೆಗೆ ಓಡಿದಳು. ಇದು ನನ್ನ ಕೈ. ಒಂದನೇ ಕ್ಲಾಸಿನ ಮಕ್ಕಳಿಗೆ ಎಳೆದುಕೊಡುವಂತೆ ದಪ್ಪ ದಪ್ಪ ಗೆರೆ ಎಳೆದುಕೊಂಡಿದ್ದೇನೆ. ಗೆರೆ ಇದ್ದರೆ ಅಕ್ಷರ ಅಷ್ಟು ಕುಗ್ಗುವುದಿಲ್ಲ. ಹೆಬ್ಬೆರಳಿಗೆ ಏನೂ ಆಗಿಲ್ಲ.

ಡೀನ್ ಮುಂದಿಟ್ಟ ಕಡತದಲ್ಲಿ ನನ್ನವೇ ಹನ್ನೊಂದು ಕಾಗದಗಳಿದ್ದವು. ನೀನೇ ಅವನ್ನು ತಾರೀಖಿನ ಪ್ರಕಾರ ಜೋಡಿಸಿ ಅರ್ಜಿಯ ಜೊತೆ ಕೊಟ್ಟಿದ್ದೆ. ಅರುವತ್ತೊಂಬತ್ತರ ಕಾಗದದಲ್ಲಿ ಪುಟಕ್ಕೆ ಹದಿನೆಂಟು ಸಾಲು. ಈ ಜನವರಿಯದರಲ್ಲಿ ನಲವತ್ತೊಂದು. ಅಂಚಿನಲ್ಲಿ ಪೆನ್ಸಿಲಿನಿಂದ ನೀನೇ ಎಣಿಸಿ ಬರೆದಿದ್ದೆ. ಮದುವೆಯ ಆತುರ ಎಂದು ನಿನ್ನನ್ನು ಹಂಗಿಸಿದ ಕಾಗದವೇ ಎಲ್ಲಕ್ಕಿಂತ ಚಿಕ್ಕ ಅಕ್ಷರದ್ದು. ಓದಲು ಡೀನ್‌ಗೆ ಭೂತಗನ್ನಡಿ ಬೇಕಾಯಿತಂತೆ.

ಬೇರೆ ಯಾರಾದರೂ ಆ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದಿದ್ದರೆ, ಕೂರಿಸುವ ಮೊದಲೇ ಪಾರ್ಕಿನ್ಸನ್, ಕೈ ನಡುಗಿಸಿ ಅಕ್ಷರ ಕುಗ್ಗಿಸುವ ಕಾಯಿಲೆ ಎಂದು ಹೇಳುತ್ತಿದ್ದೆ. ಎರಡು ಚಳಿಗಾಲ ಗಾಳಕ್ಕೆ ಎರೆ ಸಿಕ್ಕಿಸಲಾಗದೆ ಚಳಿಯನ್ನು ಬೈದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ನನಗೆ ಬೇಕಾಯಿತು.

ನಿನ್ನ ಅರ್ಜಿಯನ್ನೂ ಓದಿದೆ. "ನಮ್ಮೂರಿಗೆ ಒಬ್ಬರೇ ಡಾಕ್ಟರು. ಅವರ ಕೈ ಇನ್ನೆರಡು ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅವರಿಗೆ ಅದು ಗೊತ್ತಿಲ್ಲ. ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬೇಗ ಮುಗಿಸಬೇಕು."

ಧೈರ್ಯ ಇಲ್ಲವೇ ಸಿಲ್ವಿ? ರೋಗಿಯ ಕಣ್ಣು ನೋಡಿ ಇರುವುದನ್ನು ಹೇಳುವುದನ್ನು ನಾಲ್ಕು ವರ್ಷದಲ್ಲಾಗಲಿ ಮೂರು ವರ್ಷದಲ್ಲಾಗಲಿ ಕಲಿಸಲೇಬೇಕು. ಟೈ ಕಟ್ಟಿದ ಆ ಅಪರಿಚಿತನಿಗೆ ಗೊತ್ತು, ನೀನು ಈ ಕಾಗದಗಳನ್ನು ತೋರಿಸಿದ ನರರೋಗದ ಪ್ರೊಫೆಸರಿಗೆ ಗೊತ್ತು, ಲೆಂಪಿಗೂ ಗೊತ್ತಿತ್ತಂತೆ. ನಾನು ಬರೆದ ಔಷಧಿ ಚೀಟಿಗಳನ್ನೆಲ್ಲ ಅವಳು ವರ್ಷದಿಂದ ಮರುಬರೆದು ಔಷಧಿ ಅಂಗಡಿಗೆ ಕೊಡುತ್ತಿದ್ದಳು. ನನಗೆ ಮಾತ್ರ ಯಾರೂ ಹೇಳಲಿಲ್ಲ. ಕಾಯಿಲೆ ನನ್ನನ್ನು ಅಷ್ಟು ನೋಯಿಸಿಲ್ಲ. ನೀನು ನನಗೆ ಹೇಳಲಿಲ್ಲವಲ್ಲ, ಅದು ನೋಯಿಸಿದೆ. ಬೆಂಚಿನಲ್ಲಿ ಕೂತು ನಿನ್ನನ್ನು ಕೂಗದೆ ಬಂದದ್ದು ಅದಕ್ಕೇ. ಕೈ ಜೇಬಿನಲ್ಲಿ ನಡುಗುತ್ತಿತ್ತು, ಅದೂ ಇತ್ತು.

ಆದರೆ ಕಾಗದದ ಶುರುವಿನಲ್ಲೇ ಹೆಬ್ಬೆರಳಿನ ಸುಳ್ಳು ಹೇಳಿದವನು ನಾನು. ನಿನಗೆ ಈ ಬುದ್ಧಿ ಎಲ್ಲಿಂದ ಬಂತು ಎಂದು ಕೇಳುವ ಬಾಯಿ ನನಗಿಲ್ಲ.

ಏಪ್ರಿಲ್ ಎರಡಕ್ಕೆ ನಿನ್ನ ಆ ನರರೋಗದ ಪ್ರೊಫೆಸರನ್ನೇ ನೋಡಲು ಬರುತ್ತೇನೆ. ನೀನು ಪಕ್ಕದಲ್ಲಿ ಕೂರಬೇಕು, ಮಗಳಾಗಿ. ಜೂನ್‌ನಲ್ಲಿ ಕ್ಲಿನಿಕ್ ಮುಚ್ಚುತ್ತೇನೆ. ಊರಿಗೆ ಡಾಕ್ಟರು ಬೇಕೆಂದು ಸರಕಾರಕ್ಕೆ ಟಾವ್ನೊ ಅರ್ಜಿ ಬರೆಯುತ್ತಿದ್ದಾನೆ, ಬೈಗುಳ ತೆಗೆದು ತಿದ್ದಿಕೊಡಲು ಲೆಂಪಿಗೆ ಹೇಳಿದ್ದೇನೆ. ನೀನು ಒಂದನೇ ತಾರೀಖಿನ ಒಳಗೆ ಹೋಗಿ ಆ ಎಂಟು ವರ್ಷದ ಕಾಗದಕ್ಕೆ ಸಹಿ ಹಾಕು. ನನ್ನ ಕೈಗೋಸ್ಕರ ನಿನ್ನ ಕೈ ಕತ್ತರಿಸಿಕೊಳ್ಳಬೇಡ. ನೀನು ಮುಗಿಸುವಾಗ ನನಗೆ ಅರುವತ್ತೆಂಟು. ನಡುಗಿದರೆ ನಡುಗಲಿ, ಚಪ್ಪಾಳೆ ತಟ್ಟಲು ಬರುತ್ತದೆ.

ನಿನ್ನೆ ಎರಡು ದೊಡ್ಡ ಟ್ರೌಟ್ ಬಿದ್ದವು. ಎರೆ ಸಿಕ್ಕಿಸಿದ್ದು ಟಾವ್ನೊ, ಎಳೆದದ್ದು ನಾನು. ಶುಕ್ರವಾರ ಮತ್ತೆ ಹೋಗುತ್ತೇವೆ. ಹೃದಯ ಕೊಯ್ಯುವುದನ್ನು ಲೆಂಪಿಗೆ ಕಲಿಸಿದ್ದೇನೆ, ಮೂಗು ಮುಚ್ಚಿಕೊಂಡೇ ಚೆನ್ನಾಗಿ ಕೊಯ್ಯುತ್ತಾಳೆ. ಡಬ್ಬಿ ಶನಿವಾರ ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ಬರುತ್ತದೆ. ಐಸು ಕರಗುವ ಮೊದಲು ಹೋಗಿ ಇಳಿಸಿಕೋ.